ಆರ್ಫೆ ಓಝಾಂಫೇರ್

ಆರ್ಫೆ ಓಝಾಂಫೇರ್ (ಪಾತಾಳದಲ್ಲಿ ಆರ್ಫಿಯಸ್) ಜಾಕ್ ಆಫೆನ್‌ಬಾಖ್ ಸಂಗೀತ ಸಂಯೋಜಿಸಿದ ಫ್ರೆಂಚ್ ಭಾಷೆಯ ಹಾಸ್ಯ ಒಪೆರೆಟ್ಟಾ. ಇದರ ಸಾಹಿತ್ಯವನ್ನು ಎಕ್ಟರ್ ಕ್ರೆಮ್ಯೂ ಮತ್ತು ಲುಡೊವಿಕ್ ಅಲೆವಿ ರಚಿಸಿದರು. ಎರಡು ಅಂಕಗಳ ಮೂಲರೂಪವು 1858ರ ಅಕ್ಟೋಬರ್ 21ರಂದು ಪ್ಯಾರಿಸ್ಸಿನ ಬುಫ್-ಪ್ಯಾರಿಸ್ಯೆನ್ ನಾಟಕ ಸಂಸ್ಥೆಯಿಂದ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಗ್ರೀಕ್ ಪುರಾಣದ ಪ್ರಸಿದ್ಧ ಪ್ರೇಮಕಥೆಯನ್ನು ತಲೆಕೆಳಗು ಮಾಡಿ ಅಂದಿನ ಫ್ರೆಂಚ್ ಸಮಾಜವನ್ನು ಹಾಸ್ಯಕ್ಕೆ ಗುರಿಮಾಡಿದ ಈ ಕೃತಿ ಪೂರ್ಣ ಪ್ರಮಾಣದ ಒಪೆರೆಟ್ಟಾ ಪ್ರಕಾರಕ್ಕೆ ಬುನಾದಿ ಹಾಕಿತು. ಇಂದು 'ಕ್ಯಾನ್‌ಕ್ಯಾನ್' ನೃತ್ಯದ ಸಂಗೀತವೆಂದು ಲೋಕವೆಲ್ಲ ಗುರುತಿಸುವ ಧಾಟಿ ಇದರ ಕೊನೆಯ ದೃಶ್ಯದಿಂದ ಬಂದದ್ದು.

ಹಿನ್ನೆಲೆ

ಜರ್ಮನಿಯ ಕೊಲೋನ್ ನಗರದಲ್ಲಿ 1819ರಲ್ಲಿ ಜನಿಸಿದ ಆಫೆನ್‌ಬಾಖ್ ಹದಿಹರೆಯದಲ್ಲೇ ಪ್ಯಾರಿಸ್ಸಿಗೆ ಬಂದು ಚೆಲ್ಲೊ ವಾದಕನಾಗಿ ಹೆಸರು ಗಳಿಸಿದನು. ಸರ್ಕಾರಿ ಪ್ರೋತ್ಸಾಹ ಪಡೆದ ದೊಡ್ಡ ಒಪೆರಾ ಸಂಸ್ಥೆಗಳು ತನ್ನ ಕೃತಿಗಳಿಗೆ ಅವಕಾಶ ನೀಡದಿದ್ದುದರಿಂದ 1855ರಲ್ಲಿ ಸ್ವಂತ ಸಂಸ್ಥೆಯಾದ ಬುಫ್-ಪ್ಯಾರಿಸ್ಯೆನ್ ಅನ್ನು ಸ್ಥಾಪಿಸಿದನು.

ಆ ಕಾಲದ ಫ್ರಾನ್ಸಿನಲ್ಲಿ ಯಾವ ರಂಗಮಂದಿರ ಯಾವ ಬಗೆಯ ನಾಟಕವನ್ನು ಆಡಬೇಕೆಂಬುದನ್ನು ಸರ್ಕಾರವೇ ಪರವಾನಗಿಯ ಮೂಲಕ ನಿರ್ಧರಿಸುತ್ತಿತ್ತು. ಆಫೆನ್‌ಬಾಖ್‌ಗೆ ದೊರೆತ ಪರವಾನಗಿಯಲ್ಲಿ ಒಂದೇ ಅಂಕದ, ಬೆರಳೆಣಿಕೆಯ ಪಾತ್ರಗಳ ಕಿರು ಪ್ರಹಸನಗಳಿಗೆ ಮಾತ್ರ ಅನುಮತಿಯಿತ್ತು. ಈ ಕಟ್ಟಳೆಯನ್ನು ಅವನು ಹಾಸ್ಯಕ್ಕೇ ಬಳಸಿಕೊಂಡದ್ದುಂಟು. 1857ರ 'ಕ್ರೋಕ್‌ಫೇರ್' ಎಂಬ ಕೃತಿಯಲ್ಲಿ ಅನುಮತಿ ಮೀರಿದ ಒಂದು ಪಾತ್ರವನ್ನು ತರಬೇಕಾದಾಗ, ಯುದ್ಧದಲ್ಲಿ ನಾಲಿಗೆ ಕಳೆದುಕೊಂಡ ಯೋಧನನ್ನು ಸೃಷ್ಟಿಸಿ ಅವನ ಮಾತುಗಳನ್ನೆಲ್ಲ ಬರಹದ ಫಲಕಗಳಲ್ಲಿ ತೋರಿಸಲಾಯಿತು. 1858ರಲ್ಲಿ ಪಾತ್ರಗಳ ಮಿತಿ ಸಡಿಲಗೊಂಡಿತು. ಆದರೆ ಅಷ್ಟರಲ್ಲಿ ಸಂಸ್ಥೆ ಸಾಲದಲ್ಲಿ ಮುಳುಗಿತ್ತು. ಮೇಳಗಾಯನ, ಹತ್ತಾರು ಪಾತ್ರಗಳು ಮತ್ತು ವೈಭವದ ರಂಗಸಜ್ಜಿಕೆಯನ್ನು ಬೇಡುವ ಆರ್ಫೆ ಈ ಇಕ್ಕಟ್ಟಿನಲ್ಲೇ ಸಿದ್ಧವಾಯಿತು.

ಅಲೆವಿ ಅದೇ ವೇಳೆಗೆ ಸರ್ಕಾರಿ ಹುದ್ದೆಯೊಂದಕ್ಕೆ ನೇಮಕಗೊಂಡಿದ್ದುದರಿಂದ ಕೃತಿಕಾರನೆಂದು ತನ್ನ ಹೆಸರನ್ನು ಪ್ರಕಟಿಸಲು ಒಪ್ಪಲಿಲ್ಲ. ಹೀಗಾಗಿ ಆರಂಭದಲ್ಲಿ ಸಾಹಿತ್ಯದ ಶ್ರೇಯಸ್ಸು ಕ್ರೆಮ್ಯೂ ಒಬ್ಬನಿಗೇ ಸಂದಿತು.

ಕಥಾವಸ್ತು

ಮೂಲ ಪುರಾಣದಲ್ಲಿ ಗಾಯಕ ಆರ್ಫಿಯಸ್ ಹಾವು ಕಚ್ಚಿ ಸತ್ತ ಪತ್ನಿ ಯೂರಿಡಿಸಿಯನ್ನು ಮರಳಿ ತರಲು ಪಾತಾಳಕ್ಕೆ ಇಳಿಯುತ್ತಾನೆ. ಹಿಂತಿರುಗಿ ನೋಡಬಾರದೆಂಬ ನಿಬಂಧನೆಯನ್ನು ಪ್ರೇಮದ ಕಾತರದಿಂದ ಮುರಿದು ಅವಳನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆ. ಒಪೆರಾ ಕಲೆಯ ಇತಿಹಾಸ ಬಹುಮಟ್ಟಿಗೆ ಈ ಕಥೆಯಿಂದಲೇ ತೊಡಗುತ್ತದೆ. ಮಾಂಟೆವೆರ್ಡಿ (1607) ಮತ್ತು ಗ್ಲುಕ್ (1762) ಇದನ್ನೇ ಆಯ್ದುಕೊಂಡಿದ್ದರು. ವಿಡಂಬನೆಗೆ ಇದಕ್ಕಿಂತ ಪೂಜ್ಯವಾದ ವಸ್ತು ಸಿಗುವಂತಿರಲಿಲ್ಲ.

ಆಫೆನ್‌ಬಾಖ್‌ನ ಕೃತಿಯಲ್ಲಿ ಗಂಡಹೆಂಡಿರಿಬ್ಬರೂ ಪರಸ್ಪರ ಬೇಸತ್ತವರು. ಆರ್ಫಿಯಸ್ ಥೀಬ್ಸ್ ನಗರದ ಪಿಟೀಲು ಮೇಷ್ಟ್ರು. ಯೂರಿಡಿಸಿಗೆ ಗಂಡನ ಪಿಟೀಲಿನ ದನಿ ಎಂದರೆ ತಲೆನೋವು. ಅವಳನ್ನು ದಂಡಿಸಲು ಅವನು ಒಂದೂಕಾಲು ಗಂಟೆಯ ತನ್ನ ಹೊಸ ರಚನೆಯನ್ನು ಕೇಳಿಸುವುದಾಗಿ ಬೆದರಿಸುತ್ತಾನೆ! ಅವಳು ಮೋಹಿಸಿರುವ ಜೇನುಸಾಕಣೆಯ ಅರಿಸ್ಟೇಯಸ್ ನಿಜದಲ್ಲಿ ವೇಷ ಮರೆಸಿದ ಪಾತಾಳದ ಅಧಿಪತಿ ಪ್ಲೂಟೊ. ಹಾವು ಕಚ್ಚಿ ಸತ್ತ ಯೂರಿಡಿಸಿ ಗಂಡನಿಗೆ ಚೀಟಿ ಬರೆದಿಟ್ಟು ಸಂತೋಷದಿಂದಲೇ ಪ್ಲೂಟೊವಿನೊಡನೆ ಹೊರಡುತ್ತಾಳೆ. ಚೀಟಿ ಓದಿ ಆರ್ಫಿಯಸ್ ಹಿಗ್ಗುತ್ತಾನೆ. ಅವನ ನೆಮ್ಮದಿಯನ್ನು ಕೆಡಿಸುವವಳು 'ಲೋಕಾಭಿಪ್ರಾಯ' ಎಂಬ ಸ್ತ್ರೀಪಾತ್ರ. ಗ್ರೀಕ್ ನಾಟಕದ ಮೇಳದ ಸ್ಥಾನದಲ್ಲಿ ನಿಲ್ಲುವ ಇವಳು, ನಾಲ್ಕು ಜನ ಏನೆಂದಾರು ಎಂಬ ಭಯವೇ ಮೈವೆತ್ತಂತೆ ಬಂದು, ಹೆಂಡತಿಯನ್ನು ಕರೆತರುವಂತೆ ಅವನನ್ನು ಒತ್ತಾಯಿಸುತ್ತಾಳೆ.

ಒಲಿಂಪಸ್ ಪರ್ವತದಲ್ಲಿ ದೇವತೆಗಳು ತೂಕಡಿಸುತ್ತಿರುತ್ತಾರೆ. ದಿನವೂ ಅದೇ ಅಮೃತಪಾನದಿಂದ ಬೇಸತ್ತು ಅವರು ಜೂಪಿಟರನ ವಿರುದ್ಧ ದಂಗೆಯೆದ್ದು, ಅವನ ಹಳೆಯ ಪ್ರಣಯಪ್ರಸಂಗಗಳನ್ನು ಒಂದೊಂದಾಗಿ ಎತ್ತಿ ಆಡುತ್ತಾರೆ. ಆರ್ಫಿಯಸ್ ದೂರು ತಂದಾಗ ಜೂಪಿಟರ್ ತಾನೇ ಪಾತಾಳಕ್ಕೆ ಹೋಗಿ ವಿಚಾರಿಸುವೆನೆನ್ನುತ್ತಾನೆ. ವಿಹಾರಕ್ಕೆ ಹೊರಟಂತೆ ಉಳಿದವರೆಲ್ಲ ಅವನ ಬೆನ್ನು ಹತ್ತುತ್ತಾರೆ.

ಪಾತಾಳದಲ್ಲಿ ಯೂರಿಡಿಸಿಯನ್ನು ಜಾನ್ ಸ್ಟಿಕ್ಸ್ ಎಂಬ ಕುಡುಕ ಸೇವಕ ಕಾಯುತ್ತಿರುತ್ತಾನೆ. ಜೀವಂತವಿದ್ದಾಗ ತಾನು ಬಿಯೋಷಿಯಾದ ಅರಸನಾಗಿದ್ದೆನೆಂಬ ಅವನ ಹಾಡು ಕೃತಿಯ ಜನಪ್ರಿಯ ಭಾಗಗಳಲ್ಲೊಂದು. ಜೂಪಿಟರ್ ನೊಣದ ರೂಪ ತಾಳಿ ಬೀಗದ ಕಿಂಡಿಯಿಂದ ಒಳನುಗ್ಗಿ ಅವಳನ್ನು ಒಲಿಸಿಕೊಳ್ಳುತ್ತಾನೆ. ಔತಣ, ಕುಣಿತಗಳ ನಡುವೆ ಆರ್ಫಿಯಸ್ ಬಂದಾಗ, ಹಿಂತಿರುಗಿ ನೋಡದಿದ್ದರೆ ಹೆಂಡತಿಯನ್ನು ಒಯ್ಯಬಹುದೆಂಬ ಹಳೆಯ ನಿಬಂಧನೆ ಮತ್ತೆ ಕೇಳಿಬರುತ್ತದೆ. ಆರ್ಫಿಯಸ್ ತಿರುಗದೆ ನಡೆಯುತ್ತಿರುವುದನ್ನು ಕಂಡ ಜೂಪಿಟರ್ ಸಿಡಿಲು ಎಸೆಯುತ್ತಾನೆ. ಬೆಚ್ಚಿದ ಆರ್ಫಿಯಸ್ ಹಿಂತಿರುಗುತ್ತಾನೆ. ಯೂರಿಡಿಸಿ ಮದ್ಯದೇವತೆ ಬ್ಯಾಕಸ್‌ನ ಪರಿವಾರ ಸೇರುತ್ತಾಳೆ. ಲೋಕಾಭಿಪ್ರಾಯಕ್ಕೆ ಹೊರತು ಯಾರಿಗೂ ಇದರಿಂದ ದುಃಖವಿಲ್ಲ.

ಸಂಗೀತ

ಇಲ್ಲಿನ ಹಾಸ್ಯದಲ್ಲಿ ಹೆಚ್ಚಿನ ಪಾಲು ಸಂಗೀತದಲ್ಲೇ ಅಡಗಿದೆ. ಆರ್ಫಿಯಸ್ ದೇವತೆಗಳ ಮುಂದೆ ಕಳ್ಳ ದುಃಖ ತೋಡಿಕೊಳ್ಳುವಾಗ ಆಫೆನ್‌ಬಾಖ್ ಗ್ಲುಕ್‌ನ ಪ್ರಸಿದ್ಧ ಶೋಕಗೀತೆಯ ಧಾಟಿಯನ್ನೇ ಎತ್ತಿಕೊಳ್ಳುತ್ತಾನೆ. ಗ್ಲುಕ್‌ನಲ್ಲಿ ಕಣ್ಣೀರು ತರಿಸಿದ ಸ್ವರಗಳು ಇಲ್ಲಿ ನಗು ತರಿಸುತ್ತವೆ, ಅವುಗಳ ಚೆಲುವು ಮಾತ್ರ ಕೆಡುವುದಿಲ್ಲ. ದೇವತೆಗಳ ದಂಗೆಯ ಮೇಳಗಾನದಲ್ಲಿ 'ಮಾರ್ಸೆಯೇಸ್' ಕ್ರಾಂತಿಗೀತೆಯ ಸ್ವರಗಳು ಇಣುಕುತ್ತವೆ. ಮೂರನೆಯ ನೆಪೋಲಿಯನ್‌ನ ಆಳ್ವಿಕೆಯಲ್ಲಿ ಆ ಗೀತೆಗೆ ನಿಷೇಧವಿದ್ದುದನ್ನು ನೆನೆದರೆ ಇದು ಸಣ್ಣ ಸಾಹಸವಲ್ಲ. ನೊಣದ ಯುಗಳಗೀತೆಯಲ್ಲಿ ಜೂಪಿಟರ್ ಝೇಂಕರಿಸುವುದನ್ನು ಬಿಟ್ಟು ಬೇರೇನನ್ನೂ ಹಾಡುವುದಿಲ್ಲ.

ಕೊನೆಯ ದೃಶ್ಯದಲ್ಲಿ ಜೂಪಿಟರ್ ಹಳೆಯ ಆಸ್ಥಾನಗಳ ಗಂಭೀರ ಮಿನ್ಯುಯೆಟ್ ನೃತ್ಯವನ್ನು ಕುಣಿಯುತ್ತಾನೆ. ಅದರ ಬೆನ್ನಿಗೇ ದೇವತೆಗಳೆಲ್ಲ ಹುಚ್ಚೆದ್ದು ಕುಣಿಯುವ 'ಪಾತಾಳದ ಗ್ಯಾಲಪ್' ಸಿಡಿಯುತ್ತದೆ. ಈ ದ್ರುತಗತಿಯ ಧಾಟಿಯೇ ಮುಂದೆ ಪ್ಯಾರಿಸ್ಸಿನ ನೃತ್ಯಶಾಲೆಗಳಲ್ಲಿ ಕ್ಯಾನ್‌ಕ್ಯಾನ್‌ಗೆ ಅಂಟಿಕೊಂಡಿತು. ಸಂಯೋಜಕ ಸೇನ್-ಸಾನ್ 1886ರ 'ಪ್ರಾಣಿಗಳ ಉತ್ಸವ'ದಲ್ಲಿ ಆಮೆಗಳನ್ನು ಚಿತ್ರಿಸಲು ಇದನ್ನೇ ಅತಿ ವಿಳಂಬ ಗತಿಯಲ್ಲಿ ನುಡಿಸಿದ್ದಾನೆ.

ಕಛೇರಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಆರಂಭವಾದನ ಆಫೆನ್‌ಬಾಖ್ ಜೋಡಿಸಿದ್ದಲ್ಲ. 1860ರ ವಿಯೆನ್ನಾ ಪ್ರದರ್ಶನಕ್ಕಾಗಿ ಕಾರ್ಲ್ ಬಿಂಡರ್ ಅದನ್ನು ಕೃತಿಯ ಧಾಟಿಗಳಿಂದ ಹೆಣೆದನು.

ವಿವಾದ ಮತ್ತು ಯಶಸ್ಸು

ಮೊದಲ ಪ್ರದರ್ಶನಗಳಿಗೆ ದೊರೆತ ಸ್ವಾಗತ ಅಸಾಧಾರಣವೇನಾಗಿರಲಿಲ್ಲ. ಕೆಲವು ವಾರಗಳ ನಂತರ 'ಜೂರ್ನಾಲ್ ದೆ ದೆಬಾ' ಪತ್ರಿಕೆಯ ಪ್ರಭಾವಿ ವಿಮರ್ಶಕ ಝ್ಯೂಲ್ ಝಾನೆನ್, ಪವಿತ್ರವಾದ ಪ್ರಾಚೀನ ಸಂಸ್ಕೃತಿಗೆ ಇದು ಅಪಚಾರವೆಂದು ಕಟುವಾಗಿ ಖಂಡಿಸಿದನು. ಇದಕ್ಕೆ ಬಂದ ಉತ್ತರ ಮತ್ತಷ್ಟು ನಗೆ ಹುಟ್ಟಿಸಿತು: ನಾಟಕದಲ್ಲಿ ಪ್ಲೂಟೊ ಆಡುವ ಆಡಂಬರದ ಮಾತುಗಳನ್ನು ಝಾನೆನ್‌ನ ಅಂಕಣದಿಂದಲೇ ಎತ್ತಿಕೊಳ್ಳಲಾಗಿದೆ ಎಂಬುದು 'ಫಿಗಾರೊ' ಪತ್ರಿಕೆಯ ಮೂಲಕ ಬಯಲಾಯಿತು. ಈ ಜಗಳದಿಂದ ಕುತೂಹಲ ಕೆರಳಿದ ಜನ ರಂಗಮಂದಿರಕ್ಕೆ ಮುಗಿಬಿದ್ದರು. ನೂರು ಪ್ರದರ್ಶನಗಳೇ ದೊಡ್ಡ ಗೆಲುವೆನಿಸಿದ್ದ ಕಾಲದಲ್ಲಿ ಇದು 228 ಬಾರಿ ಸತತವಾಗಿ ನಡೆದು ಸಂಸ್ಥೆಯನ್ನು ಸಾಲದಿಂದ ಮೇಲೆತ್ತಿತು. ಹೆಣ್ಣಿನ ಚಪಲದ ಜೂಪಿಟರ್ ಮತ್ತು ಮೋಜಿನಲ್ಲಿ ಮುಳುಗಿದ ದೇವಸಭೆಯಲ್ಲಿ ಪ್ರೇಕ್ಷಕರು ಮೂರನೆಯ ನೆಪೋಲಿಯನ್‌ನ ಆಸ್ಥಾನದ ನೆರಳನ್ನು ಗುರುತಿಸಿದ್ದರು. ಆದರೂ ಚಕ್ರವರ್ತಿ ಸ್ವತಃ 1860ರಲ್ಲಿ ವಿಶೇಷ ಪ್ರದರ್ಶನಕ್ಕೆ ಹಾಜರಾದನು. ಆಫೆನ್‌ಬಾಖ್‌ಗೆ ಫ್ರೆಂಚ್ ಪೌರತ್ವ ದೊರೆತದ್ದೂ ಅದೇ ವರ್ಷ.

1874ರ ಪರಿಷ್ಕೃತ ರೂಪ

ಗೆತೆ ರಂಗಮಂದಿರದ ನಿರ್ದೇಶಕನಾಗಿದ್ದಾಗ ಆಫೆನ್‌ಬಾಖ್ ಕೃತಿಯನ್ನು ನಾಲ್ಕು ಅಂಕಗಳಿಗೆ ಹಿಗ್ಗಿಸಿ, ಬ್ಯಾಲೆ ನೃತ್ಯಗಳನ್ನು ಸೇರಿಸಿ 1874ರ ಫೆಬ್ರುವರಿ 7ರಂದು ರಂಗಕ್ಕೆ ತಂದನು. ಇದು ಅಪಾರ ಹಣ ಗಳಿಸಿತು. ಅದೇ ವರ್ಷದ ಕೊನೆಗೆ ಅಲ್ಲಿ ಆಡಿದ ಸಾರ್ದುವಿನ ದುಬಾರಿ ನಾಟಕ 'ಲಾ ಏನ್' ಸೋತು ಆ ಗಳಿಕೆಯನ್ನೆಲ್ಲ ನುಂಗಿತು. ಮೂಲರೂಪದ ಚುರುಕು ಈ ಹಿಗ್ಗಿದ ರೂಪದಲ್ಲಿ ಕೆಲವೆಡೆ ಕುಂದುತ್ತದೆ. ಇಂದಿನ ಸಂಸ್ಥೆಗಳು ಎರಡನ್ನೂ ಬೆರೆಸಿ ಆಡುವುದುಂಟು.

ಇತ್ತೀಚಿನ ಪ್ರದರ್ಶನಗಳು

ಪ್ರತಿ ಕಾಲದ ಲೋಕಾಭಿಪ್ರಾಯಕ್ಕೂ ಬೇರೆ ಮುಖವಿರುವುದರಿಂದ ನಿರ್ದೇಶಕರು ಈ ಕೃತಿಯನ್ನು ಮತ್ತೆಮತ್ತೆ ಹೊಸದಾಗಿ ಅರ್ಥೈಸಿದ್ದಾರೆ. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾ 1985ರಲ್ಲಿ ಇದನ್ನು ಆಡಿದಾಗ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ರಂಗವಿನ್ಯಾಸ ಮಾಡಿದರು. ಅದರಲ್ಲಿ ಲೋಕಾಭಿಪ್ರಾಯದ ಪಾತ್ರ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು ಹೋಲುತ್ತಿತ್ತು. 1997ರಲ್ಲಿ ಲೊರಾನ್ ಪೆಲಿ ನಿರ್ದೇಶಿಸಿ ಮಾರ್ಕ್ ಮಿಂಕೋವ್‌ಸ್ಕಿ ಸಂಗೀತ ನಿರ್ವಹಿಸಿದ ಲಿಯೋನ್ ಒಪೆರಾದ ಪ್ರದರ್ಶನದಲ್ಲಿ ನತಾಲಿ ದೆಸ್ಸೆ ಯೂರಿಡಿಸಿಯಾಗಿದ್ದರು. ಇದರ ಧ್ವನಿಮುದ್ರಣ ಈಗಲೂ ಬಳಕೆಯಲ್ಲಿದೆ. ಆಫೆನ್‌ಬಾಖ್‌ನ ದ್ವಿಶತಮಾನೋತ್ಸವದ ವರ್ಷವಾದ 2019ರಲ್ಲಿ ಸಾಲ್ಜ್‌ಬರ್ಗ್ ಉತ್ಸವದಲ್ಲಿ ಬ್ಯಾರಿ ಕಾಸ್ಕಿ ನಿರ್ದೇಶಿಸಿದ ಪ್ರದರ್ಶನ ನಡೆಯಿತು. ಹಾಡುಗಳನ್ನು ಗಾಯಕರು ಫ್ರೆಂಚಿನಲ್ಲಿ ಹಾಡಿದರೆ, ಎಲ್ಲ ಪಾತ್ರಗಳ ಮಾತುಗಳನ್ನೂ ಜಾನ್ ಸ್ಟಿಕ್ಸ್ ಪಾತ್ರಧಾರಿ ಮ್ಯಾಕ್ಸ್ ಹಾಪ್ ಒಬ್ಬರೇ ಜರ್ಮನ್ ಭಾಷೆಯಲ್ಲಿ ಆಡಿದರು.