ಶೀತಕ್ಕೆ ಸಿಕ್ಕಿದ ಹಾವು

ಹಾವೆಂಬ ಹೆಸರನ್ನು ಕೇಳಿದೊಡನೆ ಕೋಲನ್ನು ಹುಡುಕುವವರು ಕೆಲವರು, ಕೈಜೋಡಿಸುವವರು ಕೆಲವರು. ಆ ಪ್ರಾಣಿಯ ದೇಹಧರ್ಮವೇನೆಂದು ವಿಚಾರಿಸುವವರು ಮಾತ್ರ ವಿರಳ. ಅದರಲ್ಲಿಯೂ ಚಳಿಗಾಲದಲ್ಲಿ ಹಾವು ಏನಾಗುವುದು, ಚಳಿಗೆ ಸಿಕ್ಕಿ ಮರಗಟ್ಟಿದ ಹಾವನ್ನು ಬದುಕಿಸಬಹುದೆ, ಬದುಕಿಸಲು ಯಾರು ಕೈಹಾಕಬಹುದು, ಯಾರು ಕೈಹಾಕಬಾರದು ಎಂಬೀ ಪ್ರಶ್ನೆಗಳು ಅಲ್ಪವೆಂದು ತೋರಿದರೂ ಇವುಗಳಲ್ಲಿ ಹಾವಿನ ಪ್ರಾಣವೂ ಮನುಷ್ಯರ ಪ್ರಾಣವೂ ಅಡಗಿವೆ. ಆದುದರಿಂದ ಇದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದೆ ಸಂಗ್ರಹವಾಗಿ ಇಡುತ್ತೇವೆ.

ಮೊದಲು ತಿಳಿಯತಕ್ಕದ್ದು ಇಷ್ಟು. ನಮ್ಮ ದೇಹವು ತಿಂದ ಅನ್ನದಿಂದ ತಾನೇ ಶಾಖವನ್ನು ಹುಟ್ಟಿಸಿಕೊಳ್ಳುತ್ತದೆ. ಹೊರಗೆ ಎಷ್ಟೇ ಚಳಿಯಿದ್ದರೂ ಒಳಗಿನ ಉಷ್ಣಮಾನವು ಸುಮಾರು ೩೭ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ನಿಲ್ಲುತ್ತದೆ. ಹಾವಿಗೆ ಆ ಅನುಕೂಲವಿಲ್ಲ. ಅದು ಬಿಸಿಲಿನಿಂದ, ಕಾದ ಬಂಡೆಯಿಂದ, ಬೆಚ್ಚಗಿನ ಮಣ್ಣಿನಿಂದ ಶಾಖವನ್ನು ಎರವಲು ಪಡೆಯಬೇಕು. ಉಷ್ಣದೇಶದ ಹಾವುಗಳು ಸಾಮಾನ್ಯವಾಗಿ ೨೫ರಿಂದ ೩೨ ಡಿಗ್ರಿಯಲ್ಲಿ ಚುರುಕಾಗಿರುತ್ತವೆ. ಅದಕ್ಕಿಂತ ಬಹಳ ಕೆಳಗಿಳಿದರೆ ಚಲನೆ ಮಂದವಾಗುವುದು, ಜೀರ್ಣಶಕ್ತಿ ಕುಂದುವುದು, ಹೃದಯದ ಬಡಿತ ನಿಧಾನವಾಗುವುದು. ಇನ್ನೂ ಇಳಿದರೆ ಹಾವು ಕಟ್ಟಿಗೆಯ ತುಂಡಿನಂತೆ ಬಿದ್ದುಕೊಳ್ಳುವುದು. ನೋಡಿದವರು ಸತ್ತಿತೆಂದೇ ಎಣಿಸುವರು. ಆದರೆ ಒಳಗೆ ಜೀವವು ಇನ್ನೂ ಇರಬಹುದು.

ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಆದರೂ ಪುಷ್ಯ ಮಾಸದ ಬೆಳಗುಗಳಲ್ಲಿ ಸಂಡೂರಿನ ಗುಡ್ಡಗಳ ಮೇಲೂ ಜಲಾಶಯದ ದಂಡೆಯ ಮೇಲೂ ಹಾವು ಜಡವಾಗುವಷ್ಟು ತಂಪು ಇರುವುದುಂಟು. ಸೃಷ್ಟಿಯೇ ಅದಕ್ಕೆ ಆಶ್ರಯವನ್ನು ಒದಗಿಸಿದೆ. ಹಂಪೆಯ ಬಂಡೆಗಳು ಹಗಲಿನ ಬಿಸಿಲನ್ನು ಕುಡಿದು ಇರುಳಿನಲ್ಲಿ ಬಹಳ ಹೊತ್ತು ಬೆಚ್ಚಗಿರುತ್ತವೆ. ಅವುಗಳ ಸಂದುಗಳೂ ಹುತ್ತಗಳೂ ಇಲಿಯ ಬಿಲಗಳೂ ಹಾವಿಗೆ ಕಂಬಳಿಯಿದ್ದಂತೆ. ಹೆಬ್ಬಾವು ಮುಳ್ಳುಹಂದಿಯ ಬಿಲದಲ್ಲಿ ಚಳಿಯನ್ನು ಕಳೆದು, ಹೊತ್ತೇರಿದ ಮೇಲೆ ಬಿಲದ ಬಾಯಿಗೆ ಬಂದು ಬಿಸಿಲು ಕಾಯುವುದನ್ನು ರಾಜಸ್ಥಾನದ ಭರತಪುರದಲ್ಲಿ ಬಲ್ಲವರು ಕಂಡಿದ್ದಾರೆ. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿಯಾದರೋ ಗಾರ್ಟರ್ ಎಂಬ ಸಣ್ಣ ಹಾವುಗಳು ಸಾವಿರಾರು ಸಂಖ್ಯೆಯಲ್ಲಿ ಸುಣ್ಣದ ಕಲ್ಲಿನ ಬಿರುಕುಗಳಿಗಿಳಿದು, ಹಿಮವು ಮುಟ್ಟದ ಆಳದಲ್ಲಿ ಒತ್ತಾಗಿ ಮಲಗಿ, ವಸಂತದಲ್ಲಿ ಮೇಲಕ್ಕೆ ಬರುತ್ತವೆ. ಆಶ್ರಯವನ್ನು ಅರಿತ ಹಾವು ಚಳಿಯನ್ನು ಗೆಲ್ಲುತ್ತದೆ.

ಅರಿಯದ್ದು ಸಾಯುತ್ತದೆ. ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಸಾಕಿದವರು ಬಿಟ್ಟ ಹಾಗೂ ತಪ್ಪಿಸಿಕೊಂಡ ಬರ್ಮಾ ದೇಶದ ಹೆಬ್ಬಾವುಗಳು ಕಾಡಿನಲ್ಲಿ ಹೆಚ್ಚಿಕೊಂಡಿದ್ದವು. ೨೦೧೦ನೆಯ ಜನವರಿಯಲ್ಲಿ ಅಲ್ಲಿ ಎಂದೂ ಇಲ್ಲದಂಥ ಚಳಿ ಬಿದ್ದಿತು. ಶೋಧಕರು ರೇಡಿಯೋ ಯಂತ್ರವನ್ನಿಟ್ಟು ಹಿಂಬಾಲಿಸುತ್ತಿದ್ದ ೧೦ ಹೆಬ್ಬಾವುಗಳಲ್ಲಿ ೯ ಸತ್ತವು. ಬಿಲವನ್ನು ಸೇರದೆ, ಶಾಖವಿಲ್ಲದ ಬಿಸಿಲನ್ನು ನೆಚ್ಚಿ ಬಯಲಿಗೆ ಬಂದದ್ದು ಹಲವಕ್ಕೆ ಮುಳುವಾಯಿತು. ಪರದೇಶದ ಪ್ರಾಣಿಯನ್ನು ಅದರ ಹವೆಯಿಂದ ಬೇರ್ಪಡಿಸಿ ತಂದವರ ಹೊಣೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಈಗ ಶೀತದೇಶಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿಯೂ ಮಕ್ಕಳು ವಿಷವಿಲ್ಲದ ಕಾರ್ನ್ ಹಾವನ್ನೋ ಬಾಲ್ ಪೈಥಾನನ್ನೋ ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದುಂಟು. ಅದರ ಶಾಖವೆಲ್ಲ ವಿದ್ಯುತ್ತಿನಿಂದ ಬರತಕ್ಕದ್ದು. ೨೦೨೧ನೆಯ ಫೆಬ್ರುವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳ ವಿದ್ಯುತ್ತು ದಿನಗಟ್ಟಲೆ ನಿಂತಂತೆ ಎಲ್ಲಿಯಾದರೂ ನಿಂತರೆ ಏನು ಮಾಡಬೇಕು?

ಪೆಟ್ಟಿಗೆಗೆ ದಪ್ಪ ಕಂಬಳಿಯನ್ನು ಸುತ್ತಬೇಕು. ಗಾಳಿಯಾಡಲು ಸ್ವಲ್ಪ ತೆರಪು ಬಿಡಬೇಕು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಗೆ ಒಂದು ಪಕ್ಕದಲ್ಲಿಟ್ಟು, ಆರಿದಂತೆ ಬದಲಾಯಿಸುತ್ತಿರಬೇಕು. ಇನ್ನೊಂದು ಪಕ್ಕವನ್ನು ತಂಪಾಗಿಯೇ ಬಿಟ್ಟರೆ ತನಗೆ ಹಿತವಾದ ಸ್ಥಳವನ್ನು ಹಾವೇ ಆರಿಸಿಕೊಳ್ಳುವುದು.

ಅದಾಗಲೇ ಮರಗಟ್ಟಿದ್ದರೆ ಅವಸರವೇ ಶತ್ರು. ಒಲೆಯ ಮುಂದೆ ಇಡಬಾರದು, ಬಿಸಿನೀರಿನಲ್ಲಿ ಅದ್ದಬಾರದು, ಕೂದಲನ್ನು ಒಣಗಿಸುವ ಯಂತ್ರದ ಗಾಳಿಯನ್ನು ಬಿಡಬಾರದು. ಹಾವು ಸುಡುವ ವಸ್ತುವಿನ ಮೇಲೆ ಬಿದ್ದುಕೊಂಡೇ ಚರ್ಮವನ್ನು ಬೇಯಿಸಿಕೊಳ್ಳುವುದುಂಟು. ಮರಗಟ್ಟಿದ ಹಾವಿಗಂತೂ ಸರಿದುಕೊಳ್ಳುವ ಶಕ್ತಿಯೇ ಇರದು. ಗಾಳಿರಂಧ್ರಗಳಿರುವ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಮೊದಲು ೨೦ ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿಟ್ಟು, ಕೆಲವು ಗಂಟೆಗಳ ಅವಧಿಯಲ್ಲಿ ಕ್ರಮಕ್ರಮವಾಗಿ ೨೫, ೨೭ ಡಿಗ್ರಿಗೆ ಏರಿಸಬೇಕು. ಕತ್ತಲೆ ಹಾಗೂ ನಿಶ್ಶಬ್ದ ಅದಕ್ಕೆ ಔಷಧವಿದ್ದಂತೆ. ಎಚ್ಚತ್ತ ಮೇಲೆ ಆಳವಿಲ್ಲದ ತಟ್ಟೆಯಲ್ಲಿ ನೀರನ್ನಿಡಬಹುದು; ಆಹಾರವನ್ನು ಮಾತ್ರ ಕೆಲವು ದಿನ ಕೊಡಬಾರದು, ಯಾಕಂದರೆ ತಣ್ಣಗಿನ ಹೊಟ್ಟೆಯಲ್ಲಿ ಅದು ಜೀರ್ಣವಾಗದೆ ಕೊಳೆಯುವುದು. ಬಾಯಿ ತೆರೆದು ಉಸಿರಾಡಿದರೆ, ಮೂಗು ಬಾಯಿಗಳಲ್ಲಿ ನೊರೆ ಕಂಡರೆ, ಶೀತವು ಶ್ವಾಸಕೋಶವನ್ನು ಹಿಡಿದಿದೆಯೆಂದು ತಿಳಿದು ಪಶುವೈದ್ಯರ ಬಳಿಗೆ ಒಯ್ಯಬೇಕು. ಚಲನೆಯಿಲ್ಲವೆಂಬ ಮಾತ್ರಕ್ಕೆ ಮಣ್ಣು ಮಾಡಲಾಗದು. ಪೂರ್ಣವಾಗಿ ಬೆಚ್ಚಗಾದ ಮೇಲೆಯೂ ಅಲುಗದಿದ್ದರೆ ಮಾತ್ರ ಸತ್ತಿತೆನ್ನಬೇಕು.

ಇಷ್ಟು ಹೇಳಿದುದು ಮನೆಯವರಿಗೆ ಗುರುತಿರುವ, ವಿಷವಿಲ್ಲದ ಸಾಕುಹಾವಿನ ಮಾತು. ನಮ್ಮ ಹಿತ್ತಲಿನ ಹಾವಿನ ಮಾತು ಬೇರೆ. ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ನಾಗರಹಾವು, ಕೇರೆಹಾವು, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಪರದೇಶದ ಸಂರಕ್ಷಿತ ಜಾತಿಗಳನ್ನು ಸಾಕುವವರೂ ೨೦೨೪ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸತಕ್ಕದ್ದು. ಕಾನೂನಿಗಿಂತಲೂ ಹತ್ತಿರದ ಕಾರಣವು ಒಂದುಂಟು. ಚಳಿಯಿಂದ ಜಡವಾದ ಹಾವು ಸಾಧುವಾದ ಹಾವಲ್ಲ.

ಈಸೋಪನ ಕಥೆಯೊಂದರಲ್ಲಿ ರೈತನು ಚಳಿಗೆ ಮರಗಟ್ಟಿದ ಹಾವನ್ನು ಎದೆಗವಚಿಕೊಂಡು ಬೆಚ್ಚಗೆ ಮಾಡುವನು. ಅದು ಎಚ್ಚತ್ತು ಅವನನ್ನೇ ಕಚ್ಚುವುದು. ಕಥೆಯು ಹಾವಿನ ಕೃತಘ್ನತೆಯನ್ನು ದೂರುತ್ತದೆ. ಆದರೆ ಹಾವಿಗೆ ಉಪಕಾರವೂ ತಿಳಿಯದು, ಅಪಕಾರವೂ ತಿಳಿಯದು. ಶಾಖ ಬಂದೊಡನೆ ಶಕ್ತಿ ಬಂದಿತು, ತನ್ನನ್ನು ಹಿಡಿದ ದೇಹವನ್ನು ಕಂಡು ಬೆದರಿ ಕಚ್ಚಿತು, ಅಷ್ಟೆ. ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳ ೨೮ನೆಯ ಅಧ್ಯಾಯದಲ್ಲಿಯೂ ಇಂಥದೇ ಸಂಗತಿಯುಂಟು. ಮಳೆಯೂ ಚಳಿಯೂ ಇದ್ದ ಹೊತ್ತಿನಲ್ಲಿ ಪೌಲನು ಕಟ್ಟಿಗೆಯ ಹೊರೆಯನ್ನು ಬೆಂಕಿಗೆ ಹಾಕಲು, ಅದರೊಳಗಿದ್ದ ಹಾವು ಕಾವು ತಗಲಿ ಹೊರಬಂದು ಅವನ ಕೈಯನ್ನು ಹಿಡಿಯಿತು, ಅವನಿಗೆ ಕೇಡಾಗಲಿಲ್ಲ. ಸೌದೆಯ ರಾಶಿಗೆ ಕೈಹಾಕುವ ತಾಯಂದಿರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ತುಂಗಭದ್ರಾ ಜಲಾಶಯದ ಕಾಲುವೆಗಳು ಕಂಪ್ಲಿಯ ಸೀಮೆಯನ್ನು ಬತ್ತ, ಕಬ್ಬು, ಬಾಳೆಗಳಿಂದ ತುಂಬಿವೆ. ಬೆಳೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಇಲಿಯನ್ನು ತಿಂದು ಹಾವು ರೈತನಿಗೆ ಮಾಡುವ ಉಪಕಾರವು ಅಲ್ಪವಲ್ಲ. ಚಳಿಗಾಲದ ಮುಂಜಾನೆ ಕಬ್ಬು ಕಡಿಯುವವರಿಗೆ ತರಗಿನಡಿಯಲ್ಲಿ ಜಡವಾದ ಹಾವು ಕಂಡರೆ, ಸತ್ತಿದೆಯೆಂದು ಬರಿಗೈಯಿಂದ ಎತ್ತಿ ಎಸೆಯಬಾರದು, ಮಕ್ಕಳು ಕೋಲಿನಿಂದ ಚುಚ್ಚಬಾರದು, ಕೊಲ್ಲಲೂಬಾರದು. ದೂರ ಸರಿದು ಬಿಸಿಲೇರುವ ತನಕ ಬಿಟ್ಟರೆ ಸೂರ್ಯನೇ ಅದಕ್ಕೆ ವೈದ್ಯನಾಗಿ, ಅದು ತನ್ನ ದಾರಿಯನ್ನು ಹಿಡಿಯುವುದು. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಧೈರ್ಯ ಹೇಳಿ, ೧೦೮ರ ವಾಹನವನ್ನು ಕರೆದು ಆಸ್ಪತ್ರೆಗೆ ಸೇರಿಸಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಅಲ್ಲಿ ಒಂದೇ ಪ್ರತಿವಿಷವುಂಟು. ನಮ್ಮ ದೇಶದಲ್ಲಿ ೨೦೦೦ದಿಂದ ೨೦೧೯ರ ವರೆಗೆ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ ಹಾವು ಕಚ್ಚಿ ಮಡಿದರೆಂದು ಶೋಧಕರು ಅಂದಾಜು ಮಾಡಿದ್ದಾರೆ. ತಡವಾಗದಿದ್ದರೆ ಇವರಲ್ಲಿ ಅನೇಕರು ಉಳಿಯುತ್ತಿದ್ದರು.

ಕರುಣೆಯು ಒಳ್ಳೆಯ ಗುಣ. ಆದರೆ ಜ್ಞಾನವಿಲ್ಲದ ಕರುಣೆಯು ಹಾವನ್ನೂ ಸುಡುವುದು, ಕೈಯನ್ನೂ ಕಚ್ಚಿಸುವುದು. ಸಾಕಿದ ಹಾವಿಗೆ ನಿಧಾನವಾದ ಶಾಖವನ್ನು ಕೊಡುವುದೂ ಹೊಲದ ಹಾವಿಗೆ ದಾರಿಯನ್ನು ಬಿಡುವುದೂ ಒಂದೇ ದಯೆಯ ಎರಡು ಬಗೆಗಳು. ಇವೆರಡರ ಭೇದವನ್ನು ನಮ್ಮ ಹುಡುಗಿಯರು ತಿಳಿದು, ತಮ್ಮ ಮನೆಗಳಲ್ಲಿಯೂ ನೆರೆಹೊರೆಯಲ್ಲಿಯೂ ತಿಳಿಸಿಕೊಡಲಿ ಎಂದು ಹಾರೈಸುತ್ತೇವೆ.