ಮಾಂಸಪೇಶಿಯ ಪುನರುತ್ಪತ್ತಿಯೂ ‘ವೃದ್ಧಿಕಾರಕ’ ಶಬ್ದವೂ

ಮೆಟ್ಟೂರಿನ ಕಡೆಯಿಂದ ಪಾಲಾರಿನ ಮಾರ್ಗವಾಗಿ ಮಲೆಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಬರುವ ಭಕ್ತರಿಗೆ ಏರುವಾಗ ಏದುಸಿರು. ತೊಡೆ ಮೀನಖಂಡಗಳ ನೋವಾದರೋ ಇಳಿದ ಮರುದಿನ ತಲೆದೋರಿ, ಅದರ ಮಾರನೆಯ ದಿನ ಉಲ್ಬಣಿಸುವುದು. ಇಳಿಜಾರಿನಲ್ಲಿ ಪೇಶಿಯು ದೇಹಭಾರವನ್ನು ತಡೆಹಿಡಿಯುತ್ತಲೇ ನೀಳವಾಗಬೇಕಾಗುತ್ತದೆ; ಆ ಸೆಳೆತಕ್ಕೆ ಅದರ ತಂತುಗಳು ಅಲ್ಲಲ್ಲಿ ಹರಿಯುತ್ತವೆ. (ಸ್ನಾಯುವೆಂಬ ಶಬ್ದವನ್ನು ಈ ಅರ್ಥದಲ್ಲಿ ಬಳಸುವ ರೂಢಿ ಈಚಿನದು. ಸುಶ್ರುತಸಂಹಿತೆಯು 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆಬೇರೆಯಾಗಿಯೇ ಎಣಿಸುತ್ತದೆ.) ಸಾಮಾನ್ಯವಾಗಿ ವಾರದೊಳಗೆ ನೋವು ಅಡಗುತ್ತದೆ. ಹರಿದುದನ್ನು ಕೂಡಿಸುವವರಾರು?

1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿದ್ವಾಂಸನು ಕಪ್ಪೆಯ ಪೇಶಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ತಂತುವಿಗೂ ಅದರ ಹೊರಹೊದಿಕೆಗೂ ನಡುವೆ ಹುದುಗಿದ ಸಣ್ಣ ಕೋಶಗಳನ್ನು ಕಂಡು, ಅವಕ್ಕೆ ಉಪಗ್ರಹಕೋಶಗಳೆಂದು ಹೆಸರಿಟ್ಟನು. ಇವು ಸಾಮಾನ್ಯವಾಗಿ ಸುಪ್ತಾವಸ್ಥೆಯಲ್ಲಿರುತ್ತವೆ. ತಂತುವಿಗೆ ಪೆಟ್ಟಾದೊಡನೆ, ಸುತ್ತಣ ಜಾಲದಲ್ಲಿ ಸಿಲುಕಿದ್ದ ಎಚ್.ಜಿ.ಎಫ್. ಎಂಬ ದ್ರವ್ಯವು (ಹೆಸರು ಯಕೃತ್ತಿನ ಸಂಬಂಧದಿಂದ ಬಂದುದು) ಬಿಡುಗಡೆಹೊಂದಿ ಅವನ್ನು ಎಚ್ಚರಿಸುತ್ತದೆ. ಎಫ್.ಜಿ.ಎಫ್. ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ, ಐ.ಜಿ.ಎಫ್. ಹೆಚ್ಚಿಸುವುದಲ್ಲದೆ, ಅವು ಒಂದರೊಡನೊಂದು ಕೂಡಿ ತಂತುವಾಗುವಂತೆಯೂ ಪ್ರೇರಿಸುತ್ತದೆ. ಹಾಳಾದುದನ್ನು ಮೊದಲು ತಿಂದು ತೆರವುಮಾಡುವ ಭಕ್ಷಕಕೋಶಗಳೇ ತರುವಾಯ ಐ.ಜಿ.ಎಫ್. ಅನ್ನು ಸ್ರವಿಸುತ್ತವೆಂಬುದು ಗಮನಾರ್ಹ. ಆ ಕೋಶಗಳಲ್ಲಿ ಬಹುಪಾಲು ರಕ್ತದಿಂದ ಬಂದವು. ಆದಕಾರಣ, ರಕ್ತದಿಂದ ಮಾಂಸವೆಂಬ ಸಪ್ತಧಾತುಕ್ರಮದಲ್ಲಿಯೇ ಇದೆಲ್ಲವೂ ಅಡಗಿದೆಯೆಂದು ಸಾಧಿಸಹೊರಡುವವರುಂಟು. ಅದು ಪೋಷಣಕ್ರಮ, ಇದು ಸಂದೇಶಕ್ರಮ. ಬೆರಸಿದರೆ ಎರಡು ಶಾಸ್ತ್ರಗಳಿಗೂ ಅನ್ಯಾಯ.

ಇಂಥ ದ್ರವ್ಯಗಳನ್ನು ಕನ್ನಡದಲ್ಲಿ ವೃದ್ಧಿಕಾರಕಗಳೆನ್ನುವುದುಂಟು. ಈ ಸಮಾಸದಲ್ಲಿ ಪೂರ್ವಪದಕ್ಕಿಂತ ಉತ್ತರಪದವೇ ಸಾಧುವಾದುದು. ವ್ಯಾಕರಣದಲ್ಲಿ ಕ್ರಿಯೆಯಲ್ಲಿ ಪಾಲುಗೊಳ್ಳುವುದೆಲ್ಲವೂ ಕಾರಕವೇ ಸರಿ; ಅನ್ನ ಬೇಯುವ ಒಂದೇ ಸ್ಥಾಲಿಯು ವಿವಕ್ಷೆಯಂತೆ ಒಮ್ಮೆ ಅಧಿಕರಣ, ಒಮ್ಮೆ ಕರ್ತೃ. ಟಿ.ಜಿ.ಎಫ್.-ಬೀಟಾ ಎಂಬುದೂ ಹಾಗೆಯೇ. ಆರಂಭದಲ್ಲಿ ಗಾಯದ ಹಂದರವನ್ನು ಕಟ್ಟಲು ಅದು ಬೇಕು. ಬಹುಕಾಲ ನಿಂತರೆ ಪೇಶಿಯಿರಬೇಕಾದೆಡೆಯಲ್ಲಿ ಗಡುಸಾದ ಕಲೆ ಬೆಳೆಯುವುದು. ಅದೇ ಕುಲದ ಮಯೋಸ್ಟ್ಯಾಟಿನ್ ಆದರೋ ಪೇಶಿಯ ಬೆಳವಣಿಗೆಯನ್ನೇ ತಡೆಯುತ್ತದೆ. 1997ರಲ್ಲಿ ಅಮೆರಿಕದ ಸಂಶೋಧಕರು ಅದಿಲ್ಲದಂತೆ ಮಾಡಿದ ಇಲಿಗಳಲ್ಲಿ ಪೇಶಿಗಳು ಎರಡು ಮೂರು ಪಟ್ಟು ತೂಗಿದವು. ಇದನ್ನೂ ವೃದ್ಧಿಕಾರಕವೆಂದರೆ ವಿದ್ಯಾರ್ಥಿಯು ವಿಪರೀತಾರ್ಥವನ್ನೇ ಗ್ರಹಿಸುವನು. ಕಾರಕಪದವನ್ನು ಉಳಿಸಿಕೊಂಡು, ಆಯಾ ಕ್ರಿಯೆಯನ್ನು ಅದರ ಹಿಂದೆ ಜೋಡಿಸುವುದು ಯುಕ್ತವಾಗಿ ತೋರುತ್ತದೆ: ಎಚ್ಚರಿಸುವುದು ಪ್ರಬೋಧಕಾರಕ, ಹೆಚ್ಚಿಸುವುದು ವೃದ್ಧಿಕಾರಕ, ತಡೆಯುವುದು ನಿರೋಧಕಾರಕ.