ಉರಗಗಳ ಪೆಟ್ಟಿಗೆಗೆ ಉಷ್ಣನಿಯಾಮಕ

ಪುಷ್ಯಮಾಸದ ಬೆಳಗಿನಲ್ಲಿ ಬೀದರ ಕೋಟೆಯ ಕಡೆಗೆ ಹೋದವರು ಜಂಬಿಟ್ಟಿಗೆ ಕಲ್ಲಿನ ಗೋಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿದ ಓತಿಕ್ಯಾತವನ್ನು ನೋಡಿರಬಹುದು. ಎಂಟು ಗಂಟೆಗೆ ಅದು ಒಣಕಡ್ಡಿಯಂತೆ ಬಿದ್ದಿರುತ್ತದೆ. ಹತ್ತಕ್ಕೆ ಹುಳುವಿನ ಬೆನ್ನಟ್ಟಿ ಓಡುತ್ತದೆ. ನಡುಹಗಲಿಗೆ ಬಿರುಕಿನ ನೆರಳನ್ನು ಹೊಕ್ಕು ಮರೆಯಾಗುತ್ತದೆ. ಇಂಥ ಪ್ರಾಣಿಗಳನ್ನು ಶೀತರಕ್ತದವು ಎಂದು ಕರೆಯುವುದು ರೂಢಿ. ಈ ಮಾತು ಅಷ್ಟು ಸಮಂಜಸವಲ್ಲ. ಬಿಸಿಲು ಕಾಯಿಸಿಕೊಂಡ ಓತಿಕ್ಯಾತದ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರಬಲ್ಲದು. ಆದರೆ ಆ ಶಾಖವನ್ನು ಅದು ಹೊರಗಿನಿಂದಲೇ ಪಡೆಯಬೇಕು. ಬಿಸಿಲಿನಿಂದ ನೆರಳಿಗೂ ನೆರಳಿನಿಂದ ಬಿಸಿಲಿಗೂ ಒಯ್ಯುವ ಕಾಲುಗಳೇ ಅದರ ಉಷ್ಣನಿಯಾಮಕ.

ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದೊಡನೆ ಆ ಸ್ವಾತಂತ್ರ್ಯವನ್ನು ನಾವು ಕಸಿದುಕೊಂಡೆವು. ಇಲ್ಲಿ ಕಾನೂನಿನ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಕ್ಷತ್ರ ಆಮೆ, ಉಡ, ನಮ್ಮ ನಾಡಿನ ಹೆಬ್ಬಾವು ಇವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅಪರಾಧ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನಿನಂಥ ಪರದೇಶದ ಹಾವನ್ನು ಸಾಕುವವರೂ 2022ರ ತಿದ್ದುಪಡಿಯ ಮೇರೆಗೆ ಅದನ್ನು ನೋಂದಾಯಿಸಬೇಕು. ಈ ಹಾವಿಗೆ ಪೆಟ್ಟಿಗೆಯ ಒಂದು ಕೊನೆಯಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಕೊನೆಯಲ್ಲಿ 26 ಡಿಗ್ರಿ ಉಷ್ಣತೆ ಇರಬೇಕು. ಬೀದರ, ಭಾಲ್ಕಿ, ಔರಾದ್‌ಗಳ ಎತ್ತರದ ಬಯಲಿನಲ್ಲಿ ಜನವರಿಯ ಇರುಳು 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಮೇ ತಿಂಗಳ ಹಗಲು 40ನ್ನು ದಾಟುವುದೂ ಉಂಟು. ಚಳಿಯಲ್ಲಿ ಹಾವಿನ ಹೊಟ್ಟೆಯೊಳಗಿನ ಆಹಾರ ಜೀರ್ಣವಾಗದೆ ಕೊಳೆಯುತ್ತದೆ. ಅತಿಶಾಖವಾದರೋ ಕೆಲವೇ ಗಂಟೆಗಳಲ್ಲಿ ಸಾವು.

ಉಷ್ಣನಿಯಾಮಕದ ಕೆಲಸ ಸರಳವಾದುದು: ಪೆಟ್ಟಿಗೆ ತಣ್ಣಗಾದರೆ ವಿದ್ಯುತ್ತನ್ನು ಹರಿಯಬಿಡುವುದು, ಬಿಸಿಯಾದರೆ ತಡೆಯುವುದು. ಹಳೆಯ ಬಗೆಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಇನ್ವಾರ್ ಎಂಬ ಕಬ್ಬಿಣ-ನಿಕ್ಕಲಿನ ಮಿಶ್ರಲೋಹ ಬಹುಮಟ್ಟಿಗೆ ಹಿಗ್ಗುವುದೇ ಇಲ್ಲ. ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ಇದು ಗಟ್ಟಿಮುಟ್ಟಾದುದು, ಆದರೆ ಹಲವು ಡಿಗ್ರಿ ಏರಿಳಿದ ಮೇಲೆಯೇ ಎಚ್ಚೆತ್ತುಕೊಳ್ಳುತ್ತದೆ. ಈಗ ಅಗ್ಗವಾಗಿ ದೊರೆಯುವ ಎಲೆಕ್ಟ್ರಾನಿಕ್ ಬಗೆಯಲ್ಲಿ ಥರ್ಮಿಸ್ಟರ್ ಎಂಬ ಚಿಕ್ಕ ಮಣಿಯಿದೆ. ಕಾದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ. ಆ ರೋಧವನ್ನು ಅಳೆದು, ರಿಲೇ ಎಂಬ ವಿದ್ಯುತ್ಕಾಂತದ ಕೀಲಿ ಕಾಯಿಸುಗವನ್ನು ಹೊತ್ತಿಸುತ್ತದೆ, ಆರಿಸುತ್ತದೆ. ಡಬ್ಲ್ಯು-1209 ಎಂಬ 12 ವೋಲ್ಟಿನ ಫಲಕವೂ, ಮನೆಯ ವಿದ್ಯುತ್ತಿನಿಂದಲೇ ನಡೆಯುವ ಎಸ್‌ಟಿಸಿ-1000 ಎಂಬುದೂ ಈ ಜಾತಿಯವು. ಕೆಲವೇ ನೂರು ರೂಪಾಯಿಗಳಲ್ಲಿ ಸಿಗುತ್ತವೆ. ಶಾಖವನ್ನು ಹಂತಹಂತವಾಗಿ ಕುಗ್ಗಿಸುವ ದುಬಾರಿಯ ನಿಯಾಮಕಗಳೂ ಇವೆ. ಸಾಮಾನ್ಯ ಪೆಟ್ಟಿಗೆಗೆ ಅವು ಅನಿವಾರ್ಯವಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಗೆ ಮೊದಲು ಇನ್ನೊಂದಕ್ಕೆ ಉತ್ತರ ಕಂಡುಕೊಳ್ಳಬೇಕು: ಕಾಯಿಸುಗ ಎಷ್ಟು ವ್ಯಾಟಿನದು? ಒಂದು ಪೆಟ್ಟಿಗೆ, ಹೊರಗಿಗಿಂತ ಒಳಗೆ ಒಂದು ಡಿಗ್ರಿ ಹೆಚ್ಚಾಗಿರಲು 2 ವ್ಯಾಟ್ ಬೇಡುತ್ತದೆಂದು ಇಟ್ಟುಕೊಳ್ಳೋಣ. ಕೋಣೆ 14 ಡಿಗ್ರಿ, ಪೆಟ್ಟಿಗೆ 32 ಡಿಗ್ರಿ ಎಂದರೆ 36 ವ್ಯಾಟ್ ಸಾಕು. ಬೇಗ ಕಾಯಲೆಂದು 100 ವ್ಯಾಟಿನ ದೀಪವನ್ನು ಹಾಕಿದ್ದೇವೆ; ಒಂದು ರಾತ್ರಿ ರಿಲೇಯ ಸಂಪರ್ಕಗಳು ಕಿಡಿಯ ಶಾಖಕ್ಕೆ ಬೆಸೆದುಕೊಂಡು ಬಿಡದೆ ಹೋದವು. ಆಗ ಪೆಟ್ಟಿಗೆ ಕೋಣೆಗಿಂತ 50 ಡಿಗ್ರಿ ಮೇಲೇರಿ 64ಕ್ಕೆ ನಿಲ್ಲುತ್ತದೆ. ಒಳಗಿನ ಜೀವ ಉಳಿಯದು. 40 ವ್ಯಾಟಿನದೇ ಇದ್ದಿದ್ದರೆ ಅದೇ ತಪ್ಪಿಗೆ ಪೆಟ್ಟಿಗೆ 34ಕ್ಕೆ ಏರಿ ನಿಲ್ಲುತ್ತಿತ್ತು. ನಿಯಾಮಕದಲ್ಲಿ ಕಾಸು ಉಳಿಸಿ ದೊಡ್ಡ ದೀಪ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ತಿರುವುಮುರುವಾದ ಮಿತವ್ಯಯ. ಆದರೆ 40 ಡಿಗ್ರಿಯ ಮೇ ಹಗಲಿಗೆ ಆ ಚಿಕ್ಕ ದೀಪವೂ ಪೆಟ್ಟಿಗೆಯನ್ನು 60ಕ್ಕೆ ಒಯ್ಯಬಲ್ಲದು. ಬೇಸಗೆಯಲ್ಲಿ ತಂತಿಯನ್ನೇ ಕಿತ್ತಿಡಬೇಕು. ಕಾಯಿಸುವುದನ್ನು ನಿಲ್ಲಿಸುವುದಷ್ಟೇ ನಿಯಾಮಕಕ್ಕೆ ಗೊತ್ತು. ತಂಪುಮಾಡಲು ಅದಕ್ಕೆ ಬಾರದು.

ಫಲಕದ ಮೇಲೆ '10 ಆಂಪಿಯರ್' ಎಂದು ಬರೆದುದನ್ನು ನೋಡಿ ಮರುಳಾಗಬೇಕಾದುದಿಲ್ಲ. 230 ವೋಲ್ಟಿನಲ್ಲಿ 40 ವ್ಯಾಟಿನ ದೀಪಕ್ಕೆ ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಸಾಕು. ಆದರೆ ತಣ್ಣಗಿರುವ ತಂತುವಿನ ರೋಧ ಬಹಳ ಅಲ್ಪ. ಹೊತ್ತುವ ಕ್ಷಣದಲ್ಲಿ ಹತ್ತು ಪಟ್ಟಿಗೂ ಮಿಕ್ಕು ವಿದ್ಯುತ್ತು ನುಗ್ಗುತ್ತದೆ. ಸಂಪರ್ಕಗಳು ಸವೆಯುವುದು ಆಗಲೇ. ಏರಿಳಿತದ ಅಂತರವನ್ನು ಅರ್ಧ ಡಿಗ್ರಿಗಿಂತ ಕಿರಿದಾಗಿಸಿದರೆ ರಿಲೇ ಪದೇ ಪದೇ ಹೊಡೆದುಕೊಂಡು ಬೇಗ ಸಾಯುತ್ತದೆ. ಒಂದು ಡಿಗ್ರಿ ಯೋಗ್ಯ.

ಅದಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು, ಮಣಿಯ ತಂತಿ ಕಡಿದರೆ ಯಂತ್ರವೇನು ಮಾಡುತ್ತದೆ ಎಂಬುದು. ಕಡಿದ ತಂತಿಯ ರೋಧ ಅಪಾರ. ಪೆದ್ದ ಯಂತ್ರ ಅದನ್ನು ಕಡುಚಳಿಯೆಂದು ಭಾವಿಸಿ ಕಾಯಿಸುತ್ತಲೇ ಹೋಗುತ್ತದೆ. ಒಳ್ಳೆಯದು ದೋಷವನ್ನು ತೋರಿಸಿ ನಿಂತುಬಿಡುತ್ತದೆ. ಕೊಂಡ ದಿನವೇ ಮಣಿಯನ್ನು ಕಳಚಿ ನೋಡಿದರೆ ತಿಳಿಯುವುದು. ಮಣಿ ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರಂತೂ ಯಾವ ಯಂತ್ರಕ್ಕೂ ಗೊತ್ತಾಗದು. ಅದನ್ನು ಬಿಗಿಯಾಗಿ ಕಟ್ಟತಕ್ಕದ್ದು. ವಿದ್ಯುತ್ತು ಹೋಗಿ ಬಂದಾಗ ನಾವು ಕೊಟ್ಟ ಅಂಕಿ ನೆನಪಿನಲ್ಲಿ ಉಳಿದಿದೆಯೇ ಎಂಬುದನ್ನೂ ನೋಡಬೇಕು.

ದುಬಾರಿಯ ಒಂದಕ್ಕಿಂತ ಅಗ್ಗದ ಎರಡು ಮೇಲು. ಮೊದಲನೆಯದನ್ನು 32ಕ್ಕೂ ಎರಡನೆಯದನ್ನು 35ಕ್ಕೂ ಇರಿಸಿ ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ, ಒಂದು ಅಂಟಿಕೊಂಡರೂ ಇನ್ನೊಂದು ಕಡಿಯುತ್ತದೆ. ಎರಡನೆಯದು ಲೋಹದ ಪಟ್ಟಿಯದಾದರೆ ಇನ್ನೂ ಒಳ್ಳೆಯದು. ಬೇರೆ ಜಾತಿಯ ಯಂತ್ರಗಳಿಗೆ ಒಂದೇ ರೋಗ ತಗಲುವುದು ವಿರಳ. ವಿದ್ಯಾರ್ಥಿಗಳು 230 ವೋಲ್ಟಿನ ತೆರೆದ ತುದಿಗಳಿಗೆ ಕೈಹಾಕದೆ, ಕಾಯಿಸುಗ ಸಹಿತ ಎಲ್ಲವನ್ನೂ 12 ವೋಲ್ಟಿನಲ್ಲೇ ನಡೆಸುವುದು ಲೇಸು.

ಅಂಕಿ ಸರಿಯೇ ಎಂದು ಪರೀಕ್ಷಿಸಲು ಪುಡಿಮಾಡಿದ ಮಂಜುಗಡ್ಡೆಯ ನೀರು ಸೊನ್ನೆಯನ್ನು ಕೊಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಜ್ವರಮಾಪಕದೊಡನೆ ಮಣಿಯನ್ನು ಅದ್ದಿದರೆ 37ರ ಸುತ್ತಿನ ತಪ್ಪು ತಿಳಿಯುತ್ತದೆ. ಕುದಿಯುವ ನೀರನ್ನು ಮಾತ್ರ ನೂರೆಂದು ನಂಬಬೇಡಿ. ಎರಡು ಸಾವಿರ ಅಡಿಗೂ ಎತ್ತರದ ಬೀದರಿನಲ್ಲಿ ಅದು 98ರ ಆಸುಪಾಸಿನಲ್ಲೇ ಕುದಿಯುತ್ತದೆ.

ಹಾವಿನ ಗೊಡವೆ ಬೇಡವೆನ್ನುವವರಿಗೆ ಇದೇ ಜೋಡಣೆ ಕೋಳಿಮೊಟ್ಟೆಯ ಕಾವಿನ ಪೆಟ್ಟಿಗೆಯೂ ಆಗಬಲ್ಲದು: 37.5 ಡಿಗ್ರಿ, 21 ದಿನ. ಮೇಲಿನ ಕಡಿತ 38.5ಕ್ಕೆ. ಯಾವುದಕ್ಕಾದರೂ ಸರಿ, ಜೀವವನ್ನಿಡುವ ಮೊದಲು ಬರಿಯ ಪೆಟ್ಟಿಗೆಯನ್ನು ಎರಡು ಹಗಲು ಎರಡು ಇರುಳು ನಡೆಸಿ, ಗರಿಷ್ಠ-ಕನಿಷ್ಠ ಉಷ್ಣಮಾಪಕ ಏನು ಬರೆಯಿತೆಂದು ನೋಡಿಕೊಳ್ಳಬೇಕು.